ಹೊಸ ರೈಫಲ್‌ನಲ್ಲಿ ದೋಷ ಕಂಡರೆ ಏನು ಮಾಡಬೇಕು: ಮೊದಲ ಪರೀಕ್ಷೆಯಿಂದ ಕಂಪನಿ ರಿಪೇರಿವರೆಗೆ

ಹೊಸ ರೈಫಲ್ ಅಂದರೆ ಎಲ್ಲಾ ಸರಿಯಾಗಿಯೇ ಇರುತ್ತದೆ ಅಂತ ನಂಬಿಕೊಂಡಿರುವವರೇ ಜಾಸ್ತಿ. ಹಾಗೇನೂ ಇಲ್ಲ. ಅಗ್ಗದ್ದಿರಲಿ, ದುಬಾರಿಯದ್ದಿರಲಿ, ಕಾರ್ಖಾನೆಯಿಂದ ಬಂದ ರೈಫಲ್‌ನಲ್ಲಿ ಚೇಂಬರ್ (ತೋಟಾ ಕೂರುವ, ನಳಿಗೆಯ ಹಿಂಭಾಗ) ಒರಟಾಗಿರಬಹುದು, ಎಕ್ಸ್‌ಟ್ರ್ಯಾಕ್ಟರ್ (ಹಾರಿದ ತೋಟಾದ ಖಾಲಿ ಕವಚವನ್ನು ಹಿಡಿದು ಎಳೆಯುವ ಕೊಕ್ಕೆ) ಅಂಚು ಮುರಿದಿರಬಹುದು, ಸ್ಕೋಪ್ ಕೂರಿಸುವ ತೂತುಗಳು ನಳಿಗೆಯ ನೇರಕ್ಕೆ ಇಲ್ಲದೆ ಇರಬಹುದು. ತಯಾರಕರು ಒಂದೊಂದನ್ನೂ ಗಂಟೆಗಟ್ಟಲೆ ಪರೀಕ್ಷೆ ಮಾಡಿ ಕಳಿಸುವುದಿಲ್ಲ. ಕೆಲವೇ ಗುಂಡು ಹಾರಿಸಿ ನೋಡಿ ಡಬ್ಬಿಗೆ ಹಾಕುತ್ತಾರೆ, ಅಷ್ಟೇ.

ದೋಷ ಬಂದರೆ ಕಂಪನಿ ಸರಿಮಾಡಿ ಕೊಡುತ್ತದೆಯಾ? ಬಹುತೇಕ ಕೊಡುತ್ತದೆ. ಆದರೆ ಅದಕ್ಕೊಂದು ಷರತ್ತಿದೆ, ಅದನ್ನು ಯಾವ ವಾರಂಟಿ ಕಾರ್ಡಿನಲ್ಲೂ ಬರೆದಿರುವುದಿಲ್ಲ. ನಿಮ್ಮ ಕೈಯಲ್ಲಿ ಕಂಡ ತೊಂದರೆ ರಿಪೇರಿ ಮೇಜಿನಲ್ಲಿ ಕೂತವನ ಕಣ್ಣೆದುರೂ ಮತ್ತೆ ಕಾಣಿಸಬೇಕು. ಕಾಣಿಸಿದರೆ ಆತ ಸರಿಮಾಡುತ್ತಾನೆ. ಇಲ್ಲದಿದ್ದರೆ ಒಂದಷ್ಟು ವಾರ ಕಳೆದ ಮೇಲೆ "ಯಾವ ದೋಷವೂ ಕಂಡುಬಂದಿಲ್ಲ" ಅನ್ನುವ ಚೀಟಿ ಅಂಟಿಸಿಕೊಂಡು ರೈಫಲ್ ಹೋದ ಹಾಗೇ ವಾಪಸ್ ಬರುತ್ತದೆ. ಕೆಳಗೆ ಹೇಳಿರುವ ಎಲ್ಲಾ ಹೆಜ್ಜೆಗಳ ಉದ್ದೇಶವೂ ಇದೊಂದೇ, ತೊಂದರೆ ಏನು, ಯಾವಾಗ ಬರುತ್ತದೆ, ಎಷ್ಟು ಸಲಕ್ಕೆ ಒಂದು ಸಲ ಬರುತ್ತದೆ ಅಂತ ಬೇರೆಯವರಿಗೆ ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸುವುದು.

ಇಲ್ಲಿರುವುದು ಹೆಚ್ಚಾಗಿ ಬೋಲ್ಟ್ ರೈಫಲ್‌ಗಳ ವಿಚಾರ, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಅನ್ನುವ ಲೋಹದ ಅಗುಳಿಯನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸುವಂಥವು. ಸೆಮಿ-ಆಟೊಮ್ಯಾಟಿಕ್ ಇದ್ದರೂ ಮುಕ್ಕಾಲು ಪಾಲು ಇದೇ ಅನ್ವಯಿಸುತ್ತದೆ.

ಗುಂಡು ಹಾಕುವ ಮುಂಚೆ

ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆಳೆಯಿರಿ, ಚೇಂಬರ್ ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳು ಹಾಕಿಯೂ ನೋಡಿ. ಅಂಗಡಿಯಿಂದ ಈಗ ತಾನೇ ಬಂದದ್ದು, ಖಾಲಿಯೇ ಇರುತ್ತದೆ ಅನ್ನುವ ಮಾತೇ ಬೇಡ. ಮುಂದೆ ಹೇಳುವ ಪ್ರತಿಯೊಂದು ಪರೀಕ್ಷೆಗೂ ಇದೇ ಮೊದಲ ಕೆಲಸ, ಮತ್ತೆ ಮತ್ತೆ ಹೇಳುವುದಿಲ್ಲ. ಪರೀಕ್ಷೆ ಮಾಡುವ ಕೋಣೆಯಲ್ಲಿ ನಿಜವಾದ ತೋಟಾ ಒಂದೂ ಇರಬಾರದು.

ಸೀರಿಯಲ್ ನಂಬರಿನ ಫೋಟೊ ತೆಗೆಯಿರಿ. ಬಿಲ್ಲಿನಲ್ಲಿ, ಲೈಸೆನ್ಸಿನಲ್ಲಿ, ಡಬ್ಬಿಯ ಮೇಲೆ ಇರುವ ನಂಬರಿಗೆ ತಾಳೆ ಹಾಕಿ. ಒಂದಂಕಿ ಹೆಚ್ಚುಕಡಿಮೆ ಇದ್ದರೂ ಮೊದಲು ಅದನ್ನೇ ಸರಿಮಾಡಿಸಿಕೊಳ್ಳಿ. ಮುಂದೆ ರಿಪೇರಿಗೆ ಕಳಿಸುವಾಗ ಅದೊಂದು ಅಂಕಿಯಿಂದ ಆಗುವ ಗೋಳು ಅಷ್ಟಿಷ್ಟಲ್ಲ.

ನಂಬರ್ ಕೈಯಲ್ಲಿರುವಾಗಲೇ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾದರಿಗೆ ರೀಕಾಲ್ ಏನಾದರೂ ಇದೆಯಾ ಅಂತ ನೋಡಿ. ಇದು ಸುಮ್ನೆ ಹೇಳುತ್ತಿರುವುದಲ್ಲ. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ವಾಪಸ್ ಕರೆಸಿಕೊಂಡಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ, ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇದ್ದವುಗಳು. ಜೋಡಿಸುವಾಗ ಅಂಟು ಜಾಸ್ತಿಯಾಗಿ, ಕೆಲವು ಸಂದರ್ಭಗಳಲ್ಲಿ ಟ್ರಿಗರ್ ಎಳೆಯದೆಯೂ ಗುಂಡು ಹಾರಬಹುದು ಅನ್ನುವುದು ಕಾರಣ. 2004ರಲ್ಲಿ ಸಾಕೊ ಮತ್ತು ಟಿಕ್ಕಾದ ಕೆಲವು ಸ್ಟೇನ್‌ಲೆಸ್ ನಳಿಗೆಗಳು ಒಡೆಯುತ್ತಿವೆ ಅಂತ ಗೊತ್ತಾಗಿ ಅವನ್ನೂ ವಾಪಸ್ ಕರೆಸಿದ್ದರು. 2017ರಲ್ಲಿ ರೂಗರ್ ಪ್ರಿಸಿಷನ್ ರೈಫಲ್‌ನ ಅಲ್ಯೂಮಿನಿಯಂ ಬೋಲ್ಟ್ ಶ್ರೌಡ್ (ಬೋಲ್ಟಿನ ಹಿಂತುದಿಯ ಮುಚ್ಚಳ) ಬಗ್ಗೆ ಎಚ್ಚರಿಕೆ ಬಂತು. ಒಳ್ಳೆ ಹೆಸರಿದ್ದವರೇ ಇವರೆಲ್ಲ.

ಸೀರಿಯಲ್ ನಂಬರ್ ಯಾಕಿಷ್ಟು ಮುಖ್ಯ ಅನ್ನುವುದಕ್ಕೆ ಹಳೆಯ ಉದಾಹರಣೆ ಅಮೆರಿಕದ 1903 ಸ್ಪ್ರಿಂಗ್‌ಫೀಲ್ಡ್. ಆಗ ರಿಸೀವರಿನ (ಬೋಲ್ಟ್ ಓಡಾಡುವ ಲೋಹದ ಚೌಕಟ್ಟಿನ) ಉಕ್ಕು ಸರಿಯಾಗಿ ಕಾದಿದೆಯಾ ಅಂತ ಕೆಲಸಗಾರರು ಅದರ ಬಣ್ಣ ನೋಡಿ ಕಣ್ಣಂದಾಜಿನಲ್ಲಿ ಹೇಳುತ್ತಿದ್ದರು. ಬಿಸಿಲಿದ್ದ ದಿನ ಒಂದು ಬಣ್ಣ, ಮೋಡ ಕವಿದ ದಿನ ಇನ್ನೊಂದು ಬಣ್ಣ. ಹಾಗಾಗಿ ಕೆಲವು ರಿಸೀವರ್‌ಗಳು ಅತಿಯಾಗಿ ಕಾದು ಗಡುಸಾಗಿ, ಪೆಡಸಾಗಿ, ಒಡೆದುಹೋದವು. 1918ರಲ್ಲಿ ಪದ್ಧತಿ ಬದಲಾಯಿತು. ಇವತ್ತಿಗೂ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ನಂಬರಿನವನ್ನು ಹಾರಿಸಬೇಡಿ ಅಂತ ತಿಳಿದವರು ಹೇಳುತ್ತಾರೆ. ಒಳಗಿನ ಉಕ್ಕು ಕಣ್ಣಿಗೆ ಕಾಣುವುದಿಲ್ಲ, ನಂಬರ್ ಕಾಣುತ್ತದೆ.

ಈಗ ನಳಿಗೆ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಒಳಗೆ ಎಣ್ಣೆಯೋ ಗ್ರೀಸೋ ಹಾಕಿರುತ್ತಾರೆ. ಅದನ್ನು ಪೂರ್ತಿ ಒರೆಸಿ ತೆಗೆಯಬೇಕು. ಬೋಲ್ಟ್ ತೆಗೆದು ಚಿಕ್ಕ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಬಟ್ಟೆ ಚೂರು, ಪ್ಲಾಸ್ಟಿಕ್ ಮುಚ್ಚಳದ ತುಂಡು, ಲೋಹದ ಪುಡಿ ಏನೂ ಇರಬಾರದು. ಹತ್ತಿಯ ಕಡ್ಡಿಯೊಂದನ್ನು ನಳಿಗೆ ಬಾಯಿಯ ಅಂಚಿಗೆ ಒಳಗಿನಿಂದ ಹೊರಕ್ಕೆ ಸುತ್ತಲೂ ಎಳೆಯಿರಿ. ಒಂದೇ ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಮುಳ್ಳಿನಂಥ ಅಂಚು ಉಳಿದಿದೆ ಅಂತ ಅರ್ಥ. ಗುಂಡು ನಳಿಗೆ ಬಿಡುವ ಕೊನೆಯ ಜಾಗ ಅದು, ಅಲ್ಲಿನ ಸಣ್ಣ ಮುಳ್ಳೂ ಗುರಿ ಕೆಡಿಸುತ್ತದೆ.

ಟ್ರಿಗರ್ ಮತ್ತು ಸೇಫ್ಟಿಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಖಾಲಿ ರೈಫಲ್‌ನಲ್ಲಿ ಬೋಲ್ಟ್ ಮುಚ್ಚಿ, ಸೇಫ್ಟಿ ಹಾಕಿ, ಟ್ರಿಗರನ್ನು ಗಟ್ಟಿಯಾಗಿ ಎಳೆಯಿರಿ. ಏನೂ ಆಗಬಾರದು. ಬೆರಳು ಪೂರ್ತಿ ಹೊರಗೆ ತೆಗೆದು ಸೇಫ್ಟಿ ಬಿಡಿ. ಆಗಲೂ ಏನೂ ಆಗಬಾರದು. ಈ ಎರಡನೆಯದನ್ನೇ ಜನ ಮರೆಯುವುದು. ಸೇಫ್ಟಿ ಬಿಟ್ಟ ಕ್ಷಣ ಫೈರಿಂಗ್ ಪಿನ್ (ತೋಟಾಕ್ಕೆ ಬಡಿಯುವ ಕಡ್ಡಿ) 'ಟಕ್' ಅಂತ ಬಿದ್ದರೆ ಆ ರೈಫಲ್ ಗುಂಡು ಕಾಣಲೇಬಾರದು, ನೇರ ವಾಪಸ್. ಆಮೇಲೆ ಬೋಲ್ಟನ್ನು ಜೋರಾಗಿ ತಳ್ಳಿ ಮುಚ್ಚಿ ನೋಡಿ, ಹತ್ತಾರು ಸಲ. ರೈಫಲ್ ಹಿಡಿಯ (ಭುಜಕ್ಕೆ ಒತ್ತುವ ಸ್ಟಾಕಿನ) ಹಿಂಭಾಗವನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ ನೋಡಿ. ಪಿನ್ ಬೀಳಬಾರದು. .22 ರಿಮ್‌ಫೈರ್ (ಪಿನ್ ತೋಟಾದ ಬುಡದ ಅಂಚಿಗೆ ಬಡಿಯುವ ಬಗೆ) ಆಗಿದ್ದರೆ ಖಾಲಿ ಹೊಡೆತದಿಂದ ಕೆಲವು ಮಾದರಿಗಳ ಚೇಂಬರ್ ಅಂಚಿಗೆ ಏಟು ಬೀಳುತ್ತದೆ, ಕೈಪಿಡಿಯಲ್ಲಿ ಏನು ಹೇಳಿದ್ದಾರೆ ಅಂತ ಮೊದಲು ನೋಡಿಕೊಳ್ಳಿ.

ಡಮ್ಮಿ (ಮದ್ದಿಲ್ಲದ ನಕಲಿ) ತೋಟಾ ಹಾಕಿ ಮ್ಯಾಗಜೀನ್ ತುಂಬಿ, ಬೋಲ್ಟ್ ನಿಧಾನವಾಗಿ ಒಂದು ಸಲ, ವೇಗವಾಗಿ ಒಂದು ಸಲ ಆಡಿಸಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ತೋಟಾಕ್ಕೆ (ಮೊದಲನೆಯದಕ್ಕಾ, ಕೊನೆಯದಕ್ಕಾ) ಅನ್ನುವುದನ್ನು ಬರೆದಿಡಿ. ಕೊನೆಯದು ಮಾತ್ರ ಸಿಕ್ಕಿಕೊಂಡರೆ ಹೆಚ್ಚಾಗಿ ಮ್ಯಾಗಜೀನಿನ ತಪ್ಪು.

ಹೆಡ್‌ಸ್ಪೇಸ್ ವಿಚಾರ. ತೋಟಾದ ಹಿಂಭಾಗಕ್ಕೂ ಬೋಲ್ಟಿನ ಮುಖಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದನ್ನು ಇದು ತೀರ್ಮಾನಿಸುತ್ತದೆ. ಇದನ್ನು ತೋಟಾ ಹಾಕಿ ನೋಡುವುದಲ್ಲ, ಗೇಜ್ (ತೋಟಾದ ಆಕಾರದ ಅಳತೆಯ ತುಂಡು) ಹಾಕಿ ನೋಡುವುದು. ಗೋ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಗೇಜ್ ಮೇಲೆ ಮುಚ್ಚಬಾರದು. .308 ವಿಂಚೆಸ್ಟರ್‌ಗೆ ಗೋ ಗೇಜ್ 1.630 ಇಂಚು, ನೋ-ಗೋ 1.634 ಇಂಚು. ನಡುವಿನ ಅಂತರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಷ್ಟೇ, ಅಲ್ವಾ? ಅದಕ್ಕೇ ಇದನ್ನು ಬೆರಳಲ್ಲಿ ಬೋಲ್ಟ್ ಹಿಡಿದು ಮೆಲ್ಲಗೆ, ಒತ್ತಡ ಹಾಕದೆ ಮಾಡಬೇಕು, ಎಜೆಕ್ಟರ್ (ಖಾಲಿ ಕವಚವನ್ನು ಹೊರಗೆಸೆಯುವ ಭಾಗ) ಮತ್ತು ಫೈರಿಂಗ್ ಪಿನ್ ಬಿಚ್ಚಿಟ್ಟರೆ ಇನ್ನೂ ಒಳ್ಳೆಯದು. ಗೇಜ್ ಇಲ್ಲದಿದ್ದರೆ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಹೋಗಿ. ನೋ-ಗೋ ಮೇಲೆ ಮುಚ್ಚಿದ ಮಾತ್ರಕ್ಕೆ ಒಡೆದೇ ಹೋಗುತ್ತದೆ ಅಂತಲ್ಲ, ಬಳಸಿದ ಹಳೆ ರೈಫಲ್‌ಗೆ ಫೀಲ್ಡ್ ಗೇಜ್ ಅಂತ ಇನ್ನೊಂದು ಮಿತಿ ಇದೆ. ಆದರೆ ಹೊಸದರಲ್ಲಿ ಹಾಗಾದರೆ ಒಪ್ಪಿಕೊಳ್ಳಬೇಡಿ.

ಕೊನೆಗೆ ಸ್ಕ್ರೂಗಳು. ರೈಫಲ್‌ನ ಲೋಹದ ಭಾಗವನ್ನು ಹಿಡಿಗೆ ಕಟ್ಟುವ ಆಕ್ಷನ್ ಸ್ಕ್ರೂಗಳು ಸಾಗಾಟದಲ್ಲಿ ಸಡಿಲ ಆಗಿರುತ್ತವೆ, ಅಥವಾ ಕಾರ್ಖಾನೆಯಲ್ಲೇ ಸರಿಯಾಗಿ ಬಿಗಿದಿರುವುದಿಲ್ಲ. ಕೈಪಿಡಿಯಲ್ಲಿ ಕೊಟ್ಟಷ್ಟೇ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಹಾಕಿ. ಸಾಮಾನ್ಯವಾಗಿ 35ರಿಂದ 65 ಇಂಚ್-ಪೌಂಡ್ ಒಳಗೆ ಇರುತ್ತದೆ, ಮರದ ಹಿಡಿಗೆ ಕಡಿಮೆ. ಸ್ಕೋಪ್ ರಿಂಗಿನ ಸ್ಕ್ರೂಗಳಿಗೆ ಇನ್ನೂ ಕಡಿಮೆ, 15ರಿಂದ 25.

ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

ಬೋಲ್ಟ್ ಮುಚ್ಚುವಾಗಲೇ ಗುಂಡು ಹಾರಿದರೆ. ಸೇಫ್ಟಿ ಬಿಟ್ಟಾಗ ಹಾರಿದರೆ. ಮುಖಕ್ಕೆ ಬಿಸಿ ಗಾಳಿ ಬಡಿದರೆ. ಪ್ರೈಮರ್ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ತೂತಾಗಿದ್ದರೆ ಅಥವಾ ಕಳಚಿ ಬಿದ್ದಿದ್ದರೆ. ಕೇಸಿನ (ತೋಟಾದ ಲೋಹದ ಕವಚದ) ಬುಡದ ಹತ್ತಿರ ಹೊಳೆಯುವ ಉಂಗುರವೋ ಬಿರುಕೋ ಕಂಡರೆ. ನಳಿಗೆಯಲ್ಲಿ ಉಬ್ಬು ಕಂಡರೆ. ಇನ್ನೊಂದು ಗುಂಡು ಹಾಕಿ ಖಚಿತ ಮಾಡಿಕೊಳ್ಳೋಣ ಅನ್ನುವ ಯೋಚನೆಯೇ ಬೇಡ. ಇವುಗಳಿಗೆ ಮೊದಲು ಹೇಳಿದ "ಮತ್ತೆ ಕಾಣಿಸಬೇಕು" ಅನ್ನುವ ಮಾತು ಅನ್ವಯಿಸುವುದಿಲ್ಲ. ಒಂದು ಸಲ ಆದದ್ದು ಸಾಕು, ಮತ್ತೆ ಮಾಡಿ ತೋರಿಸುವುದು ಕಂಪನಿಯವರ ಕೆಲಸ, ಅದಕ್ಕೆ ಬೇಕಾದ ರಕ್ಷಣೆ ಅವರ ಹತ್ತಿರ ಇರುತ್ತದೆ.

ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ, ಕೈಪಿಡಿ ಇನ್ನೂ ಹೆಚ್ಚು ಹೇಳಿದ್ದರೆ ಅಷ್ಟು ಕಾಯಿರಿ. ತಡವಾಗಿ ಹಾರುವುದುಂಟು. ಶಬ್ದ ಯಾವತ್ತಿಗಿಂತ ಮಂಕಾಗಿ ಬಂದರೆ, ಏಟು ಭುಜಕ್ಕೆ ಬಾರದಿದ್ದರೆ, ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಹಾಗೇ ಕಾದು, ಬೋಲ್ಟ್ ತೆಗೆದು, ನಳಿಗೆಯ ಆ ತುದಿಯ ಬೆಳಕು ಕಾಣುತ್ತದೆಯಾ ಅಂತ ಹಿಂದಿನಿಂದ ನೋಡದೆ ಇನ್ನೊಂದು ಗುಂಡು ಹಾಕಬೇಡಿ.

ತಪ್ಪು ರೈಫಲ್‌ನದ್ದೇನಾ?

ಇದು ಬಹಳ ಜನ ಹಾರಿಸಿಬಿಡುವ ಹೆಜ್ಜೆ. ಗುರಿ ಸರಿ ಇಲ್ಲ ಅಂತ ಕಂಪನಿಗೆ ಬರುವ ದೂರುಗಳಲ್ಲಿ ಎಷ್ಟೋ ಕಡೆ ಅಸಲಿ ಕಾರಣ ಸಡಿಲವಾದ ಸ್ಕೋಪ್ ರಿಂಗ್. ಹಾಗಾಗಿ ಒಂದೊಂದನ್ನೇ ಬದಲಿಸಿ ನೋಡಬೇಕು, ಒಟ್ಟಿಗೆ ಎರಡು ಬದಲಿಸಬಾರದು. ಮೊದಲು ತೋಟಾ ಬದಲಿಸಿ. ಬೇರೆ ಕಂಪನಿಯದ್ದು, ಬೇರೆ ತೂಕದ ಗುಂಡಿನದ್ದು, ಎಲ್ಲವೂ ಕಾರ್ಖಾನೆಯದ್ದೇ. ಆಮೇಲೆ ಮ್ಯಾಗಜೀನ್. ಆಮೇಲೆ ಸ್ಕೋಪ್, ಈಗಾಗಲೇ ಬೇರೆ ರೈಫಲ್ ಮೇಲೆ ಚೆನ್ನಾಗಿ ಕೆಲಸ ಮಾಡಿದ್ದನ್ನೇ ಕೂರಿಸಿ. ಕೊನೆಗೆ ಹಾರಿಸುವವರು. ನಿಮಗಿಂತ ಕೈ ಪಳಗಿದ ಸ್ನೇಹಿತರಿಗೆ ಕೊಟ್ಟು ಹಾರಿಸಲು ಹೇಳಿ. ಲೈಸೆನ್ಸ್ ನಿಯಮ ಅದಕ್ಕೆ ಬಿಡುತ್ತದೆಯಾ ಅಂತ ನೋಡಿಕೊಂಡು ಮಾಡಿ. ಸ್ವಾಭಿಮಾನಕ್ಕೆ ಸ್ವಲ್ಪ ಪೆಟ್ಟು ಬೀಳಬಹುದು. ಬೀಳಲಿ ಬಿಡಿ.

ಗುರಿಯ ಬಗ್ಗೆ ದೂರು ಕೊಡುವ ಮುಂಚೆ ಲೆಕ್ಕ ಸರಿಯಾಗಿ ಗೊತ್ತಿರಬೇಕು. 1 ಎಂಒಎ (ಗುಂಡುಗಳು ಎಷ್ಟು ಹರಡುತ್ತವೆ ಅಂತ ಅಳೆಯುವ ಕೋನ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ 100 ಗಜಕ್ಕೆ 1.047 ಇಂಚು, 100 ಮೀಟರಿಗೆ ಸುಮಾರು 29 ಮಿಲಿಮೀಟರ್. ಎಂಒಎ ಗ್ಯಾರಂಟಿ ಅಂತ ಜಾಹೀರಾತಿನಲ್ಲಿ ಹಾಕುವ ಕಂಪನಿಗಳು ಎಷ್ಟು ಗುಂಡಿನ ಗುಂಪು (ಒಂದೇ ಗುರಿಗೆ ಹಾರಿಸಿದ ಗುಂಡುಗಳ ತೂತುಗಳು), ಯಾವ ದೂರ, ಯಾವ ಬಗೆಯ ತೋಟಾ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಹೆಚ್ಚಾಗಿ ಮೂರು ಗುಂಡು, ಒಳ್ಳೆ ದರ್ಜೆಯ ಕಾರ್ಖಾನೆ ತೋಟಾ. ನನ್ನ ಅಭಿಪ್ರಾಯದಲ್ಲಿ ಮೂರು ಗುಂಡಿನ ಗುಂಪು ಏನನ್ನೂ ಸಾಬೀತು ಮಾಡುವುದಿಲ್ಲ, ಅದೃಷ್ಟ ಇದ್ದರೆ ಕೆಟ್ಟ ನಳಿಗೆಯೂ ಒಂದು ಚಂದದ ಗುಂಪು ಕೊಡುತ್ತದೆ. ಐದೈದು ಗುಂಡಿನ ಐದು ಗುಂಪು ಹಾರಿಸಿ, ನಡುನಡುವೆ ನಳಿಗೆ ತಣ್ಣಗಾಗಲು ಬಿಡಿ, ಚೆನ್ನಾಗಿ ಬಂದವುಗಳನ್ನಷ್ಟೇ ಎತ್ತಿಟ್ಟುಕೊಳ್ಳದೆ ಐದನ್ನೂ ಇಟ್ಟುಕೊಳ್ಳಿ. ಕಂಪನಿಯ ಷರತ್ತು ಮೂರು ಗುಂಡಾದರೆ ಅದನ್ನೂ ಬೇರೆಯಾಗಿ ಹಾರಿಸಿ ತೋರಿಸಿ, ಅವರ ಅಳತೆಗೋಲಿನಲ್ಲೇ ಅವರಿಗೆ ತೋರಿಸಿದರೆ ವಾದಕ್ಕೆ ಜಾಗ ಇರುವುದಿಲ್ಲ.

ಒಂದು ಕಾಗದದ ಪಟ್ಟಿಯನ್ನು ನಳಿಗೆ ಮತ್ತು ಹಿಡಿಯ ನಡುವೆ ತೂರಿಸಿ ಹಿಂದಕ್ಕೆ ಎಳೆದು ನೋಡಿ. ನಳಿಗೆ ಯಾವುದಕ್ಕೂ ತಾಗದಂತೆ ಮಾಡಿದ್ದೇವೆ ಅಂತ ಹೇಳಿಕೊಂಡ ರೈಫಲ್‌ನಲ್ಲಿ ಕಾಗದ ಎಲ್ಲೋ ಸಿಕ್ಕಿಕೊಂಡರೆ, ಅದೊಂದು ಸ್ಪಷ್ಟ ದೋಷ, ಫೋಟೊ ತೆಗೆಯಲೂ ಸುಲಭ.

ಖಾಲಿ ಕೇಸ್ ಹೇಳುವ ಕಥೆ

ಹಾರಿಸಿದ ಕೇಸ್‌ಗಳನ್ನು ಎಸೆಯಬೇಡಿ. ಪ್ರತಿಯೊಂದನ್ನೂ ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಎಷ್ಟನೇ ಗುಂಡು, ಯಾವ ತೋಟಾ, ಏನಾಯಿತು ಅಂತ ಚೀಟಿ ಹಾಕಿ. ಪ್ರೈಮರ್ ಮೇಲಿನ ಪೆಟ್ಟು ನಡುವಿನಲ್ಲಿ ಇಲ್ಲದೆ ಪಕ್ಕಕ್ಕಿದ್ದರೆ ಒಂದು ಅರ್ಥ. ಪೆಟ್ಟು ತೀರಾ ಮೇಲುಮೇಲೆ ಬಿದ್ದಿದ್ದರೆ ಇನ್ನೊಂದು, ಸ್ಪ್ರಿಂಗ್ ದುರ್ಬಲ ಇರಬಹುದು, ಪಿನ್ ಮುಂದಕ್ಕೆ ಸಾಕಷ್ಟು ಬರುತ್ತಿಲ್ಲದಿರಬಹುದು, ಇಲ್ಲಾ ಬೋಲ್ಟ್ ಒಳಗೆ ಕಾರ್ಖಾನೆಯ ಗ್ರೀಸ್ ಗಟ್ಟಿಯಾಗಿ ಕೂತಿರಬಹುದು. ಪ್ರೈಮರ್ ಹಿಂದಕ್ಕೆ ಚಾಚಿಕೊಂಡಿದ್ದರೆ ಹೆಡ್‌ಸ್ಪೇಸ್ ಬಗ್ಗೆ ಅನುಮಾನ ಪಡಿ. ಕೇಸಿನ ಅಂಚನ್ನು ಎಕ್ಸ್‌ಟ್ರ್ಯಾಕ್ಟರ್ ಹರಿದಿದ್ದರೆ ಕೇಸ್ ಚೇಂಬರಿಗೆ ಅಂಟಿಕೊಳ್ಳುತ್ತಿದೆ ಅಂತ.

ಇನ್ನು ಉದ್ದಕ್ಕೆ ಗೀರು ಬೀಳುವುದು. ಗೀರು ಬಿತ್ತು ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಮಾಡಿ. ಕೇಸಿನ ಬುಡದ ಅಂಚಿಗೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು, ಚುಕ್ಕೆ ಮೇಲಕ್ಕೆ ಅಂದರೆ ಗಡಿಯಾರದ 12ರ ಜಾಗಕ್ಕೆ ಬರುವಂತೆ ಚೇಂಬರಿಗೆ ಹಾಕಿ, ಹಾರಿಸಿ. ಹೊರಗೆ ಬಂದ ಮೇಲೆ ಚುಕ್ಕೆಯಿಂದ ಗೀರು ಎಷ್ಟು ದೂರದಲ್ಲಿದೆ ನೋಡಿ. ಪ್ರತಿ ಕೇಸಿನಲ್ಲೂ ಚುಕ್ಕೆ 12ರಲ್ಲಿದ್ದಾಗ ಗೀರು 4ರಲ್ಲೇ ಬರುತ್ತಿದ್ದರೆ ಚೇಂಬರಿನ ಗೋಡೆಯಲ್ಲಿ ಅದೇ ಜಾಗದಲ್ಲಿ ಒಂದು ಮುಳ್ಳಿದೆ. ಹಾರಿಸದೆ ಡಮ್ಮಿಯನ್ನು ಮ್ಯಾಗಜೀನಿನಿಂದ ತಳ್ಳಿ ತೆಗೆದರೂ ಗೀರು ಬಿದ್ದರೆ ಅದು ಚೇಂಬರಿನದ್ದಲ್ಲ, ಮ್ಯಾಗಜೀನ್ ತುಟಿಯದ್ದೋ ಒಳಗೆ ಹೋಗುವ ದಾರಿಯದ್ದೋ. ಇಷ್ಟು ಹೇಳಿದ ಗ್ರಾಹಕನ ಪತ್ರವನ್ನು ಯಾವ ತಂತ್ರಜ್ಞನೂ ಪಕ್ಕಕ್ಕಿಡುವುದಿಲ್ಲ, ಎಲ್ಲಿ ನೋಡಬೇಕು ಅಂತ ನೀವೇ ಬೆರಳು ತೋರಿಸಿದ್ದೀರಲ್ಲ.

ವಿಡಿಯೊ ಕೂಡ ತೆಗೆಯಿರಿ. ಚಿಕ್ಕದು ಸಾಕು, ಒಂದೇ ಕೋನದಿಂದ, ಬೋಲ್ಟ್ ಮತ್ತು ಕೈ ಎರಡೂ ಕಾಣುವಂತೆ.

ನೀವೇ ಕೈ ಹಾಕಬೇಡಿ

ಚೇಂಬರ್ ಪಾಲಿಶ್ ಮಾಡುವುದು, ಟ್ರಿಗರ್ ಸ್ಪ್ರಿಂಗ್ ಕತ್ತರಿಸುವುದು, ಎಕ್ಸ್‌ಟ್ರ್ಯಾಕ್ಟರ್ ಅರ ಹಾಕಿ ಉಜ್ಜುವುದು, ಇವನ್ನೆಲ್ಲ ಹತ್ತು ನಿಮಿಷದಲ್ಲಿ ಮಾಡಿ ತೋರಿಸುವ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಮಾಡಿದ ಕೂಡಲೇ ವಾರಂಟಿ ಹೋಯಿತು, ಅದಕ್ಕಿಂತ ಹೆಚ್ಚಾಗಿ ಮೂಲ ದೋಷದ ಗುರುತೇ ಅಳಿಸಿಹೋಯಿತು. ಇನ್ನು ಮೇಲೆ ಏನೇ ಆದರೂ "ನೀವು ಮುಟ್ಟಿದ್ದರಿಂದ ಆಯಿತು" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಗನ್‌ಸ್ಮಿತ್ ಹತ್ತಿರ ಹೋದರೂ ನೋಡಿ, ಅಳತೆ ತೆಗೆದು ಬರೆದುಕೊಡಿ ಅಂತಷ್ಟೇ ಕೇಳಿ.

ಮನೆಯಲ್ಲೇ ತುಂಬಿದ ತೋಟಾಗಳ ವಿಚಾರವೂ ಅಷ್ಟೇ. ಹೆಚ್ಚಿನ ಕಂಪನಿಗಳ ಕೈಪಿಡಿಯಲ್ಲಿ ಅವನ್ನು ಬಳಸಿದರೆ ವಾರಂಟಿ ಇಲ್ಲ ಅಂತ ನೇರವಾಗಿ ಬರೆದಿರುತ್ತದೆ. ದೋಷ ಪರೀಕ್ಷೆ ಮುಗಿಯುವವರೆಗೆ ಕಾರ್ಖಾನೆ ತೋಟಾ ಮಾತ್ರ. ಡಬ್ಬಿಯನ್ನೂ ಇಟ್ಟುಕೊಳ್ಳಿ, ಅದರ ಮೇಲಿನ ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾದ ತೋಟಾ ಅನ್ನುವ ಗುರುತು) ಬೇಕಾಗುತ್ತದೆ.

ಮರದ ಹಿಡಿಯ ಮೇಲೆ ಚಿಕ್ಕ ಗೀಟು, ಬಣ್ಣದಲ್ಲಿ ವ್ಯತ್ಯಾಸ, ಇಂಥವನ್ನು ಡಬ್ಬಿ ಬಿಚ್ಚಿದ ದಿನವೇ ಅಂಗಡಿಯವರಿಗೆ ತೋರಿಸಿ. ಆಮೇಲೆ ಯಾರೂ ಕೇಳುವುದಿಲ್ಲ.

ಯಾರ ಹತ್ತಿರ ಹೋಗಬೇಕು, ಏನಂತ ಬರೆಯಬೇಕು

ಅಂಗಡಿಯಾ, ಕಂಪನಿಯಾ? ನೀವಿರುವ ದೇಶದ ಕಾನೂನಿನ ಮೇಲೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಮಾರಿದ ಅಂಗಡಿಯವರೇ ಕನಿಷ್ಠ ಎರಡು ವರ್ಷ ಜವಾಬ್ದಾರರು. ಅಮೆರಿಕದಲ್ಲಿ ಸಾಮಾನ್ಯವಾಗಿ ನೇರ ಕಂಪನಿಯ ಜೊತೆಗೇ ವ್ಯವಹಾರ. ಎಲ್ಲಿದ್ದರೂ ಮೊದಲ ಕೆಲವು ದಿನಗಳಲ್ಲೇ, ಗುಂಡು ಹಾರಿಸುವ ಮುಂಚೆಯೇ ದೋಷ ಕಂಡರೆ ಅಂಗಡಿಗೆ ಹೋಗಿ, ಬದಲಿ ಕೊಡುವ ಸಾಧ್ಯತೆ ಆಗಲೇ ಜಾಸ್ತಿ. ಒಂದು ಸಲ ಹಾರಿಸಿದ ಮೇಲೆ ಅದು ಬಳಸಿದ ವಸ್ತು ಅಂತ ಅಂಗಡಿಯವರು ಕಂಪನಿಯ ಕಡೆ ಕೈ ತೋರಿಸುತ್ತಾರೆ, ಕಂಪನಿಯವರು ಅಂಗಡಿಯ ಕಡೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುವ ಹಾಗಾದರೆ ಒಂದೇ ಪತ್ರವನ್ನು ಇಬ್ಬರಿಗೂ ಒಟ್ಟಿಗೆ ಕಳಿಸಿ. ಇನ್ನೊಬ್ಬರಿಗೂ ಹೋಗಿದೆ ಅಂತ ಗೊತ್ತಾದರೆ ಉತ್ತರ ಬೇಗ ಬರುತ್ತದೆ.

ಫೋನ್ ಮಾಡಬಹುದು, ಆದರೆ ಫೋನಿನಲ್ಲಿ ಆಡಿದ ಮಾತನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ. ಯಾರ ಜೊತೆ ಮಾತಾಡಿದಿರಿ, ಏನು ಒಪ್ಪಿಕೊಂಡರು ಅನ್ನುವುದಿರಲಿ. ಪತ್ರದಲ್ಲಿ ಸಿಟ್ಟು ಬೇಡ, ಕಥೆ ಬೇಡ. ಇಷ್ಟು ಸಾಕು:

"ರೈಫಲ್ ಮಾದರಿ, ಕ್ಯಾಲಿಬರ್ ಮತ್ತು ಸೀರಿಯಲ್ ನಂಬರ್ ಮೇಲೆ ಕೊಟ್ಟಿದ್ದೇನೆ. ಬಿಲ್ಲಿನ ಪ್ರತಿ ಜೊತೆಗಿದೆ. ಇದುವರೆಗೆ 60 ಗುಂಡು ಹಾರಿಸಿದ್ದೇನೆ, ಎಲ್ಲವೂ ಕಾರ್ಖಾನೆ ತೋಟಾ, ಮೂರು ಬಗೆ, ಲಾಟ್ ನಂಬರ್‌ಗಳು ಪಟ್ಟಿಯಲ್ಲಿವೆ. 60ರಲ್ಲಿ 17 ಸಲ ಕೇಸ್ ಹೊರಗೆ ಬರಲಿಲ್ಲ, ಬೋಲ್ಟ್ ಹಿಡಿಯನ್ನು ಅಂಗೈಯಿಂದ ಬಡಿದು ತೆರೆಯಬೇಕಾಯಿತು. ಮೂರೂ ಬಗೆಯ ತೋಟಾದಲ್ಲಿ ಹೀಗಾಗಿದೆ. ಚೇಂಬರ್ ಸ್ವಚ್ಛ ಮಾಡಿದ ಮೇಲೂ ಆಗಿದೆ. ಕೇಸ್‌ಗಳ ಮೇಲೆ 4 ಗಂಟೆಯ ಜಾಗದಲ್ಲಿ ಉದ್ದ ಗೀರು ಇದೆ, ಫೋಟೊ ಇಟ್ಟಿದ್ದೇನೆ. ರೈಫಲ್‌ನಲ್ಲಿ ಯಾವ ಬದಲಾವಣೆಯನ್ನೂ ಮಾಡಿಲ್ಲ. ಚೇಂಬರ್ ಪರೀಕ್ಷಿಸಿ, ಸರಿಮಾಡಿ ಇಲ್ಲವೇ ನಳಿಗೆ ಬದಲಿಸಿ ಕೊಡಬೇಕು. ಕಳಿಸುವ ವಿಧಾನ, ರಿಪೇರಿ ಅನುಮತಿ ನಂಬರ್ ಮತ್ತು ಸಾಗಾಟದ ಖರ್ಚು ಯಾರದ್ದು ಅಂತ ತಿಳಿಸಿ."

ಅಂಕಿಗಳು ನಿಮ್ಮವು ಹಾಕಿಕೊಳ್ಳಿ. "ಯಾವಾಗಲೂ ಸಿಕ್ಕಿಕೊಳ್ಳುತ್ತದೆ" ಅನ್ನುವುದಕ್ಕಿಂತ "60ರಲ್ಲಿ 17" ಅನ್ನುವುದಕ್ಕೆ ಬೆಲೆ ಬೇರೆ. ಏನು ಬೇಕು ಅಂತ ಕೊನೆಯಲ್ಲಿ ಕೇಳಿದ್ದನ್ನೂ ಗಮನಿಸಿ, ಕೇಳದಿದ್ದರೆ ಎಣ್ಣೆ ಹಾಕಿ ವಾಪಸ್ ಕಳಿಸುತ್ತಾರೆ.

ಕಳಿಸುವುದು

ಅನುಮತಿ ನಂಬರ್ ಬರುವವರೆಗೆ ಕಳಿಸಲೇಬೇಡಿ. ಬಂದ ಮೇಲೂ ಮೊದಲು ಕಾನೂನು. ಬಂದೂಕನ್ನು ನೀವೇ ಕೊರಿಯರ್‌ಗೆ ಕೊಡಬಹುದಾ, ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕಾ, ಸಾಗಿಸಲು ಬೇರೆ ಪರವಾನಗಿ ಬೇಕಾ ಅಂತ ಲೈಸೆನ್ಸ್ ಕೊಟ್ಟ ಕಚೇರಿಯಲ್ಲೇ ಕೇಳಿ. ಸ್ನೇಹಿತರ ಮಾತು ನಂಬಬೇಡಿ. ಬರೀ ಬೋಲ್ಟ್ ಅಥವಾ ನಳಿಗೆ ಕಳಿಸುವುದಾದರೆ ಅದಕ್ಕೇನು ನಿಯಮ ಅಂತ ಅಂದುಕೊಳ್ಳಬೇಡಿ. ಯುರೋಪಿಯನ್ ಒಕ್ಕೂಟದ ಕಾನೂನಿನಲ್ಲಿ ನಳಿಗೆ, ರಿಸೀವರ್, ಬೋಲ್ಟ್ ಬಿಡಿಬಿಡಿಯಾಗಿದ್ದರೂ ಬಂದೂಕಿನ ಮುಖ್ಯ ಭಾಗಗಳೇ.

ಪ್ಯಾಕ್ ಮಾಡುವಾಗ ಸ್ಕೋಪ್, ರಿಂಗ್, ಬೆಲ್ಟ್, ಬೈಪಾಡ್ ಎಲ್ಲ ಕಳಚಿಡಿ, ಕಳೆದುಹೋದರೆ ಯಾರೂ ಹೊಣೆ ಹೊರುವುದಿಲ್ಲ. ಸ್ಕೋಪ್ ತೂತುಗಳದ್ದೇ ದೂರಾದರೆ ಬೇಸ್ (ರಿಂಗ್ ಕೂರುವ ತಳಪಟ್ಟಿ) ಮಾತ್ರ ರೈಫಲ್ ಮೇಲೆಯೇ ಇರಲಿ. ಬೋಲ್ಟ್ ಕಡ್ಡಾಯವಾಗಿ ಕಳಿಸಿ, ಅದಿಲ್ಲದೆ ಹೆಡ್‌ಸ್ಪೇಸ್ ನೋಡಲು ಆಗುವುದಿಲ್ಲ. ತೋಟಾ ಒಳಗೆ ಹೋಗುವುದರಲ್ಲಿ ತೊಂದರೆ ಇದ್ದರೆ ಮ್ಯಾಗಜೀನನ್ನೂ ಕಳಿಸಿ. ಖಾಲಿ ಕೇಸ್‌ಗಳನ್ನು ಜೊತೆಗೆ ಹಾಕಬಹುದಾ ಅಂತ ಕೇಳಿ ಹಾಕಿ. ಜೀವಂತ ತೋಟಾ ಒಂದೂ ಆ ಪೆಟ್ಟಿಗೆಯಲ್ಲಿ ಇರಬಾರದು, ಚೀಲದ ಮೂಲೆಮೂಲೆ ತಡಕಿ ನೋಡಿ.

ಲೋಹಕ್ಕೆ ತೆಳುವಾಗಿ ಎಣ್ಣೆ ಸವರಿ. ಗಟ್ಟಿ ಪೆಟ್ಟಿಗೆ, ಅದರ ಸುತ್ತ ಫೋಮ್, ಅದರ ಹೊರಗೆ ಇನ್ನೊಂದು ಪೆಟ್ಟಿಗೆ. ಹೊರಗೆ ಏನಿದೆ ಅಂತ ದೊಡ್ಡದಾಗಿ ಬರೆಯಬೇಡಿ, ಕಾನೂನು ಕೇಳುವ ದಾಖಲೆಗಳು ಮಾತ್ರ ಇರಲಿ. ಟ್ರಿಗರ್ ಗಾರ್ಡಿಗೆ ಒಂದು ಚೀಟಿ ಕಟ್ಟಿ, ಅನುಮತಿ ನಂಬರ್, ಸೀರಿಯಲ್ ನಂಬರ್, ತೊಂದರೆ ಒಂದೇ ವಾಕ್ಯದಲ್ಲಿ. ನೀವು ಬರೆದ ಉದ್ದ ಇಮೇಲ್ ರಿಪೇರಿ ಮೇಜಿನವರೆಗೆ ತಲುಪದೆ ಇರಬಹುದು, ಚೀಟಿ ತಲುಪುತ್ತದೆ. ಮುಚ್ಚುವ ಮುಂಚೆ ಎಲ್ಲಾ ಕಡೆಯಿಂದ ಫೋಟೊ ತೆಗೆಯಿರಿ. ಪೂರ್ತಿ ಬೆಲೆಗೆ ವಿಮೆ ಮಾಡಿಸಿ.

ಕಾಯುವುದು, ಮತ್ತು ಬರುವ ಉತ್ತರ

ವಾರಗಟ್ಟಲೆ ಆಗುತ್ತದೆ, ಬೇಟೆ ಅಥವಾ ಸ್ಪರ್ಧೆಯ ಕಾಲದಲ್ಲಿ ಇನ್ನೂ ಜಾಸ್ತಿ. ದಿನಾ ಫೋನ್ ಮಾಡಿದರೆ ಕೆಲಸ ಬೇಗ ಆಗುವುದಿಲ್ಲ. ತಲುಪಿದ ಖಚಿತತೆ ತೆಗೆದುಕೊಂಡು, ಅವರೇ ಹೇಳಿದ ಗಡುವು ದಾಟಿದ ಮೇಲೆ ಕೇಳಿ.

ಬರುವ ಉತ್ತರಗಳಲ್ಲಿ ತಲೆನೋವಿನದ್ದು "ನಮ್ಮ ಮಿತಿಯೊಳಗೇ ಇದೆ" ಅನ್ನುವುದು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿನ ಉತ್ತರ. ಜಗಳಕ್ಕೆ ಹೋಗಬೇಡಿ, ಪ್ರಶ್ನೆ ಕೇಳಿ. ಯಾವ ಅಳತೆ ತೆಗೆದಿರಿ? ಮಿತಿ ಎಷ್ಟು, ನನ್ನದು ಎಷ್ಟು ಬಂತು? ಎಷ್ಟು ಗುಂಡು ಹಾರಿಸಿದಿರಿ, ಯಾವ ತೋಟಾ? ಗುರಿಹಲಗೆ ಕಾಗದ ಕಳಿಸಿ. ನಿಮ್ಮ ಮೂರು ಬಗೆಯ ತೋಟಾದಲ್ಲಿ ಸಿಕ್ಕಿಕೊಂಡದ್ದು ಅವರ ಒಂದು ಬಗೆಯಲ್ಲಿ ಸಿಕ್ಕಿಕೊಳ್ಳದೆ ಇದ್ದಿರಬಹುದು, ಬಿಸಿಯಾದ ಮೇಲೆ ಮಾತ್ರ ಬರುವ ತೊಂದರೆ ನಾಲ್ಕು ಗುಂಡಿಗೆ ಕಾಣದೆ ಇದ್ದಿರಬಹುದು. ಹಾಗಿದ್ದರೆ ಅದನ್ನೇ ಬರೆದು, ಈ ತೋಟಾದಲ್ಲಿ, ಇಷ್ಟು ಗುಂಡು ಬೆನ್ನುಬೆನ್ನಿಗೆ ಹಾರಿಸಿ ನೋಡಿ ಅಂತ ವಾಪಸ್ ಕಳಿಸಿ.

ಒಂದೇ ದೋಷಕ್ಕೆ ಎರಡನೇ ಸಲ ಕಳಿಸುವಾಗ ಧಾಟಿ ಬದಲಿಸಿ. ರಿಪೇರಿ ಬೇಡ, ಬದಲಿ ರೈಫಲ್ ಅಥವಾ ಹಣ ವಾಪಸ್ ಅಂತ ಲಿಖಿತವಾಗಿ ಕೇಳಿ, ಗನ್‌ಸ್ಮಿತ್ ಬರೆದುಕೊಟ್ಟ ಅಳತೆ ಜೊತೆಗಿಡಿ, ಗ್ರಾಹಕ ವಿಭಾಗದ ಮೇಲಿನವರಿಗೆ ಹಾಕಿ. ಅದಕ್ಕೂ ಬಗ್ಗದಿದ್ದರೆ ನಿಮ್ಮಲ್ಲಿನ ಗ್ರಾಹಕ ನ್ಯಾಯದ ವ್ಯವಸ್ಥೆ ಇದೆ. ಅಷ್ಟು ಹೊತ್ತಿಗೆ ನಿಮ್ಮ ಚೀಲದಲ್ಲಿ ಕೇಸ್‌ಗಳು, ಫೋಟೊ, ಪತ್ರ ಎಲ್ಲ ದಿನಾಂಕ ಸಮೇತ ಇರುತ್ತವೆ, ವಕೀಲರಿಗೆ ಹೊಸದಾಗಿ ಹುಡುಕುವ ಕೆಲಸ ಇರುವುದಿಲ್ಲ.

ವಾಪಸ್ ಬಂದ ಮೇಲೆ

ರಿಪೇರಿ ಆಗಿ ಬಂದದ್ದನ್ನೂ ಹೊಸದು ಅಂತಲೇ ತಿಳಿದು ಮೊದಲಿನಿಂದ ಪರೀಕ್ಷೆ ಮಾಡಿ. ಸೀರಿಯಲ್ ನಂಬರ್ ನಿಮ್ಮದೇನಾ? ಬೋಲ್ಟಿನ ಮೇಲೆ ನಂಬರ್ ಇದ್ದರೆ ಅದೂ ತಾಳೆಯಾಗುತ್ತದೆಯಾ? ಒಂದಷ್ಟು ಬೋಲ್ಟ್‌ಗಳು ಒಟ್ಟಿಗೆ ಬಿಚ್ಚಿರುವ ಮೇಜಿನಲ್ಲಿ ಅದಲುಬದಲಾಗುವುದು ದೊಡ್ಡ ಮಾತಲ್ಲ, ಬೇರೆ ರೈಫಲ್‌ನ ಬೋಲ್ಟ್ ಬಂದರೆ ಹೆಡ್‌ಸ್ಪೇಸ್ ಲೆಕ್ಕವೇ ಬೇರೆ. ನಳಿಗೆ ಅಥವಾ ಬೋಲ್ಟ್ ಬದಲಿಸಿದ್ದರೆ ಗೇಜ್ ಪರೀಕ್ಷೆ ಮತ್ತೆ ಮಾಡಿಸಿ. ಏನೇನು ಬದಲಿಸಿದರು ಅನ್ನುವ ಕೆಲಸದ ಚೀಟಿ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಮುಂದೆ ಮಾರುವಾಗಲೂ ಅದು ಬೇಕು.

ಸ್ಕ್ರೂಗಳನ್ನು ಅವರು ಬಿಚ್ಚಿರುತ್ತಾರೆ, ಟಾರ್ಕ್ ಮತ್ತೆ ನೋಡಿ. ಸೇಫ್ಟಿ ಪರೀಕ್ಷೆಗಳನ್ನೂ ಮತ್ತೆ ಮಾಡಿ, ದೂರು ಟ್ರಿಗರಿನದ್ದಾಗಿರದಿದ್ದರೂ. ಆಮೇಲೆ ಮೊದಲು ತೊಂದರೆ ಕೊಟ್ಟ ಅದೇ ತೋಟಾ, ಸಾಧ್ಯವಾದರೆ ಅದೇ ಲಾಟ್ ಹಾಕಿ, ಅದೇ ದೂರದಲ್ಲಿ ಹಾರಿಸಿ. ಬೇರೆ ತೋಟಾದಲ್ಲಿ ಸರಿಯಾಗಿ ನಡೆದರೆ ರಿಪೇರಿ ಆಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಬದಲಿ ರೈಫಲ್ ಕೊಟ್ಟರೆ ಅದರ ಸೀರಿಯಲ್ ನಂಬರ್ ಬೇರೆ ಇರುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದಲ್ಲಿ ಅದೇ ಬಗೆಯ ಬದಲಿಯನ್ನು ಕಂಪನಿ ನೇರ ಮಾಲೀಕರಿಗೆ ಕಳಿಸಲು ಕೇಂದ್ರ ನಿಯಮ ಅವಕಾಶ ಕೊಡುತ್ತದೆ. ಲೈಸೆನ್ಸಿನಲ್ಲಿ ನಂಬರ್ ನಮೂದಾಗುವ ದೇಶಗಳಲ್ಲಿ ಹಾಗಲ್ಲ, ಹಳೆಯ ನಂಬರ್ ತೆಗೆಸಿ ಹೊಸದನ್ನು ಹಾಕಿಸದೆ ಆ ರೈಫಲ್ ಕೈಗೆ ತೆಗೆದುಕೊಂಡರೆ, ಕಾನೂನಿನ ಕಣ್ಣಲ್ಲಿ ಅದು ಲೈಸೆನ್ಸ್ ಇಲ್ಲದ ಬಂದೂಕು. ಆದ್ದರಿಂದ ಬದಲಿ ಕೊಡುತ್ತೇವೆ ಅಂದ ದಿನವೇ ಹೊಸ ನಂಬರ್ ಮತ್ತು ಬದಲಿ ಪತ್ರ ಕೇಳಿ ತರಿಸಿಕೊಂಡು ಲೈಸೆನ್ಸ್ ಕಚೇರಿಗೆ ಅರ್ಜಿ ಹಾಕಿ, ಅದು ಮುಗಿಯುವವರೆಗೆ ರೈಫಲ್ ಡೀಲರ್ ಹತ್ತಿರವೇ ಇರಲಿ.